ಬೇರೆ ಎತ್ತಿಟ್ಟ ಊಟ

ಮಾರ್ಚ್ 17, ಸೋಮವಾರ. ಗುಬ್ಬಿ

ಇವತ್ತೂ ಪ್ರಾರ್ಥನೆಗೆ ಮೊಣಕಾಲೂರಿದ್ದೇ ಬಂತು. ಮನಸ್ಸು ನೆಟ್ಟಗೆ ಅಮೃತೂರಿಗೆ ಓಡಿತು, ಅಣ್ಣನ ಜೊತೆ ಜಗಳಕ್ಕೆ. ಹೋದ ವರ್ಷ ಅವ್ವ ತೀರಿಕೊಂಡಾಗ, ಮಣ್ಣು ಮಾಡಿದ ಮೇಲೆ ಫೋನ್ ಮಾಡಿಸಿದವನು. ನಾನು ಚರ್ಚಿಗೆ ಸೇರಿದ್ದಕ್ಕೆ ಶಿಕ್ಷೆ. ಅವ್ವನ ಮುಖ ನೋಡಲಿಲ್ಲ. ಅದಕ್ಕೇ ಈ ಸೇವೆ ಕೇಳಿಕೊಂಡಿದ್ದು — ತುಮಕೂರಿನ ಆಸ್ಪತ್ರೆಯಲ್ಲಿ, ತಮ್ಮವರು ಯಾರೂ ಇಲ್ಲದೆ ಸಾಯುವವರ ಪಕ್ಕ ಕೂರುವುದು. 30ರ ಭಾನುವಾರ ಪಾಸ್ಟರ್ ತಲೆ ಮೇಲೆ ಕೈಯಿಟ್ಟು ಕಳಿಸಬೇಕು. ಅವರದು ಒಂದೇ ಷರತ್ತು.

“ಮೊದ್ಲು ಅಣ್ಣನ ಹತ್ರ ರಾಜಿಯಾಗಿ ಬಾ ಸುಧಮ್ಮ. ಕಹಿ ಇಟ್ಕೊಂಡು ಸಾಯೋರ ಕೈ ಹಿಡೀಬೇಡ.”

ಮಾರ್ಚ್ 19

ಫೋನ್ ಮಾಡಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಣ್ಣ, “ಬರೋ ಬುಧವಾರ ಅವ್ವನ ವರ್ಷದ ತಿಥಿ. ಬಾ ಕಣಮ್ಮಿ,” ಅಂದ. ಕಣಮ್ಮಿ! ಅತ್ತುಬಿಟ್ಟೆ.

ರಾಜಿಯಾಗಲಿ ಅಂತ ಅವತ್ತು ಉಪವಾಸವಿದ್ದೇ ಹೋಗುತ್ತೇನೆ. ಯಾರಿಗೂ ಹೇಳುವುದಿಲ್ಲ. ಉಪವಾಸ ದೇವರಿಗಷ್ಟೇ ಗೊತ್ತಿರಬೇಕು.

ಮಾರ್ಚ್ 26, ಸಂಜೆ. ಕುಣಿಗಲ್ ಬಸ್ ಸ್ಟ್ಯಾಂಡ್



ಅಣ್ಣ ಚೆನ್ನಾಗೇ ಮಾತಾಡಿಸಿದ. ತಾನೇ ಚಾಪೆ ಹಾಸಿ ಪಕ್ಕದಲ್ಲಿ ಕೂರಿಸಿಕೊಂಡ. ಮಂಜುಳತ್ತಿಗೆ ಎಲೆ ಹಾಕಿ, “ಎಡೆ ಇಟ್ಟಿದ್ದು ನೀವು ಚರ್ಚಿನೋರು ಉಣ್ಣಲ್ವಲ್ಲ, ಇಡಕ್ಕೆ ಮುಂಚೇನೇ ನಿಂಗೆ ಅಂತ ಬೇರೆ ಎತ್ತಿಟ್ಟಿದೀನಿ ಕಣವ್ವ. ಅನುಮಾನ ಪಡ್ದೆ ಉಣ್ಣು,” ಅಂದರು. ಒಬ್ಬಟ್ಟು, ಕಾಯಿಹಾಲು.

“ಹಸಿವಿಲ್ಲ” ಅಂದೆ.

ಮತ್ತೆ ಬಲವಂತ ಮಾಡಿದರು. ಮತ್ತೆ ಹಸಿವಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಯಿ ಬಿಟ್ಟರೆ ಉಪವಾಸ ಕೆಡುತ್ತದಂತೆ — ಎಂಥ ಭಕ್ತೆ ನಾನು!

ಅಣ್ಣ ಎದ್ದುಬಿಟ್ಟ. “ಬೇರೆ ಎತ್ತಿಟ್ರೂ ನಮ್ಮನೆ ಅನ್ನ ನಿಂಗೆ ಮೈಲಿಗೆ, ಅಲ್ವಾ? ಅವ್ವನ ಹೆಸ್ರಲ್ಲಿ ಒಂದು ತುತ್ತು ಇಳೀಲಿಲ್ಲ. ಹೋಗು.”

ಮಾರ್ಚ್ 29

ಅಣ್ಣ ಫೋನ್ ಎತ್ತುತ್ತಿಲ್ಲ. ಇವತ್ತು ಅತ್ತಿಗೆ ಎತ್ತಿದರು. ಉಪವಾಸದ ವಿಷಯ ಹೇಳಿದೆ.

“ಅಯ್ಯೋ, ಅವತ್ತೇ ಹೇಳಕ್ಕೇನಾಗಿತ್ತು? ನಿಮ್ಮಣ್ಣನೂ ಶನಿವಾರ ಒಪ್ಪತ್ತು ಇರೋರೇ, ಅರ್ಥ ಆಗ್ತಿರ್ಲಿಲ್ವಾ? ಈಗ ಹೇಳಿದ್ರೆ ಕತೆ ಕಟ್ತಾವ್ಳೆ ಅಂತಾರೆ. ನಿನ್ನ ಎಲೆ ದನಕ್ಕೆ ಹಾಕ್ಬುಟ್ಟು, ಇನ್ನು ಅವಳ ಹೆಸ್ರು ಎತ್ಬೇಡ ಅಂದವ್ರೆ. ಫೋನ್ ಮಾಡ್ಬೇಡ ಕಣವ್ವ, ನಂಗೂ ಬೈಗುಳ.”

ಒಪ್ಪತ್ತು. ಅವ್ವನೂ ಇರುತ್ತಿದ್ದಳು. ನನಗೆ ನೆನಪೇ ಆಗಲಿಲ್ಲ.

ಮಾರ್ಚ್ 30, ಭಾನುವಾರ, ಬೆಳಿಗ್ಗೆ

ಬಿಳಿ ಸೀರೆ ಉಟ್ಟಾಗಿದೆ. ಪ್ರಾರ್ಥನೆ ಬರುತ್ತಿಲ್ಲ. ಅಣ್ಣನ ಮೇಲಿನ ಕೋಪ ಹುಡುಕಿದರೂ ಸಿಗುತ್ತಿಲ್ಲ. ಅವನಿಗೆ ಹೇಳುವುದು ಹೇಗೆ?

ಪಾಸ್ಟರ್ ಗೇಟಿನ ಹತ್ತಿರವೇ ನಗುತ್ತಾ ಕೇಳುತ್ತಾರೆ, ಗೊತ್ತು: “ಅಣ್ಣನ ಮನೇಲಿ ಉಂಡು ಬಂದ್ಯಾ ಸುಧಮ್ಮ?”

ಚರ್ಚಿನ ಗಂಟೆ ಹೊಡೆಯುತ್ತಿದೆ. ಇಲ್ಲ ಅಂದರೆ ಆಸ್ಪತ್ರೆಯೂ ಇಲ್ಲ. ಹೂಂ ಅಂದರೆ —