ಬಿಟ್ಟುಹೋದ ಸಂವೇಗ

ಶುಕ್ರವಾರ, ಸಂಜೆ

ಮುನಿಸಿಕೊಂಡು ಹೋದ ನನ್ನ ಜೊತೆಗಾರನಿಗೆ,

ನೀನು ನಿನ್ನ ಅಕ್ಕನ ಮನೆ ಸೇರಿರುವುದು ಗೊತ್ತಾಯಿತು. ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಂಡತಿಯೇ ಎಲ್ಲರೆದುರು ಮಾನ ಕಳೆದಳು ಅಂದುಕೊಂಡಿರುತ್ತೀಯ. ನೀನು ಸಭಾಂಗಣದ ಬಾಗಿಲು ದಾಟಿದ ಮೇಲೆ ಏನಾಯಿತೆಂಬುದನ್ನೂ ಕೇಳು.

ನಿನ್ನ ಹುದ್ದೆ ಕಾಯಂ ಮಾಡುವ ಸಮಿತಿಯೆದುರು ನಮ್ಮ ಪ್ರಬಂಧದ ಮೊದಲರ್ಧವನ್ನು ನೀನು ಸೊಗಸಾಗಿ ಮಂಡಿಸಿದೆ. ಖಾಲಿ ಬಯಲಲ್ಲಿ ಸುಮ್ಮನೆ ನಿಂತ ಎರಡು ವಿದ್ಯುದಾವೇಶಗಳು. ಒಂದು ಇನ್ನೊಂದನ್ನು ಪಕ್ಕಕ್ಕೆ ತಳ್ಳಬೇಕೆಂದರೆ ಎಡಕ್ಕೋ, ಬಲಕ್ಕೋ? ಆರಿಸಲು ಕಾರಣವೇ ಇಲ್ಲ. ಹಾಗಾಗಿ ಬಲ ಅವೆರಡನ್ನೂ ಸೇರಿಸುವ ಗೆರೆಯ ಮೇಲೇ ಇರಬೇಕು. ಒಟ್ಟು ಸಂವೇಗ, ಅಂದರೆ ಚಲನೆಯ ಒಟ್ಟು ಮೊತ್ತ, ಬದಲಾಗುವಂತಿಲ್ಲ, ಹಾಗಾಗಿ ಎರಡು ಬಲಗಳೂ ಸಮ, ವಿರುದ್ಧ. ಸಮಿತಿಯವರು ತಲೆದೂಗಿದರು. ನಿನ್ನ ಹುದ್ದೆ ಕಾಯಂ ಆದ ಹಾಗೇ ಅನ್ನಿಸಿತು.

ಆಗ ಮುಂದಿನ ಸಾಲಿನ ಹಿರಿಯ ಪ್ರೊಫೆಸರಮ್ಮ ಕೇಳಿದರು: “ಎರಡೂ ಓಡ್ತಾ ಇದ್ರೆ? ಒಂದು ಇನ್ನೊಂದರ ಕಡೆ ನೇರವಾಗಿ, ಇನ್ನೊಂದು ಅಡ್ಡಕ್ಕೆ?”

ನೀನು ಬಿಳಚಿಕೊಂಡೆ. ಅದನ್ನೇ ಊಟದ ಮೇಜಿನಲ್ಲಿ ನಾನು ಕೇಳಿದ್ದಾಗ ನೀನು, “ಈಗ ಅದನ್ನ ಕೆದಕ್ಬೇಡ” ಅಂದಿದ್ದೆ.

“ಆಗ್ಲೂ ಸಮಾನೇ ಇರತ್ತೆ,” ಎಂದು ನೀನು ತಡವರಿಸಿದೆ. ಸುಮ್ಮನಿದ್ದರೆ ನಾವಿಬ್ಬರೂ ಮಾಡಿದ ಕೆಲಸ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಎದ್ದು ಬಂದು ನಿನ್ನ ಕೈಯ ಸೀಮೆಸುಣ್ಣ ತೆಗೆದುಕೊಂಡು, “ಸಮ ಇರಲ್ಲ” ಎಂದೆ. ನೀನು ಹೊರಟೇಬಿಟ್ಟೆ.

ಹಲಗೆಯ ಮೇಲೆ ಬರೆದು ತೋರಿಸಿದೆ. ಅಡ್ಡ ಓಡುವ ಆವೇಶ ನೇರ ಬರುವುದನ್ನು ಪಕ್ಕಕ್ಕೆ ತಳ್ಳುತ್ತದೆ, ಆದರೆ ಅದಕ್ಕೆ ತಕ್ಕಷ್ಟು ತಿರುಗಿ ತಳ್ಳಿಸಿಕೊಳ್ಳುವುದಿಲ್ಲ.

“ಹಾಗಾದ್ರೆ ಸಂರಕ್ಷಣಾ ನಿಯಮ ಮುರೀತಲ್ಲಮ್ಮ?” ಎಂದರು ಪ್ರೊಫೆಸರಮ್ಮ.

ಮುರಿದಿಲ್ಲ. ನಾವು ಆವೇಶಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆವು. ಅವುಗಳ ನಡುವೆ ಹರಡಿರುವ ವಿದ್ಯುತ್ಕಾಂತೀಯ ಕ್ಷೇತ್ರವೂ ಸಂವೇಗ ಹೊತ್ತಿರುತ್ತದೆ. ಅದನ್ನೂ ಸೇರಿಸುತ್ತಾ ಹೋದೆ. ಹಲಗೆ ತುಂಬಿತು, ಅಳಿಸಿ ಮತ್ತೆ ಬರೆದೆ. ಕೊನೆಯ ಸಾಲಿನಲ್ಲಿ ಎರಡೂ ಕಡೆ ಸರಿಹೋದಾಗಲೇ ನಾನು ಉಸಿರು ಬಿಟ್ಟಿದ್ದು.

“ಇದು ಯಾರ ಉತ್ತರ?” ಎಂದು ಪ್ರೊಫೆಸರಮ್ಮ ಕೇಳಿದರು.

“ನನ್ನದು. ಆದ್ರೆ ಅವರ ಮೊದಲರ್ಧ ಇಲ್ಲದಿದ್ರೆ ಇದು ಹುಟ್ತಾನೇ ಇರ್ಲಿಲ್ಲ,” ಎಂದೆ.

ಸಮಿತಿ ನಿನ್ನನ್ನು ಬುಧವಾರ ಮತ್ತೆ ಕರೆದಿದೆ. ಎಲ್ಲಿ ಎಡವಿದೆ ಎಂಬುದನ್ನು ನೀನೇ ಹಲಗೆಯ ಮೇಲೆ ತೋರಿಸಬೇಕಂತೆ. ಈ ಸಲ ನಾನು ಕುರ್ಚಿಯಿಂದ ಏಳುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಮನೆಗೆ ಬರುವುದು ಬಿಡುವುದು ನಿನ್ನಿಷ್ಟ. ನಾನಂತೂ ಬಾಗಿಲು ನೋಡುತ್ತ ಕೂರುವವಳಲ್ಲ.

ಇಂತಿ,
ನಿನ್ನ ಹೆಂಡತಿ, ನಿನ್ನ ಸಹಲೇಖಕಿ

ತಾ.ಕ.: ಅತ್ತಿಗೆ, ಕನ್ನಡಕವಿಲ್ಲದೆ ನಿಮ್ಮ ತಮ್ಮನಿಗೆ ಒಂದಕ್ಷರವೂ ಕಾಣುವುದಿಲ್ಲವಾದ್ದರಿಂದ ಇದನ್ನು ನೀವೇ ಓದಿ ಹೇಳುತ್ತಿರುತ್ತೀರಿ. ಕನ್ನಡಕ ಹಲಗೆಯ ಹತ್ತಿರವೇ ಉಳಿದಿತ್ತು, ನನ್ನ ಬಳಿ ಭದ್ರವಾಗಿದೆ. ಈ ಪತ್ರದ ಜೊತೆಗೇ ಕಳಿಸಬಹುದಿತ್ತು. ಮನಸ್ಸಾಗಲಿಲ್ಲ. ಅವನೇ ಬರಲಿ.