ಕೆರೆ ಮುಚ್ಚಿದ ಮೇಲೆ ಬಂದ ರಿವ್ಯೂ

ಮಾರ್ಚ್ ೧೪, ಗುರುವಾರ

ಕೆರೆಯ ಕಪ್ಪೆಗಳ ಬಗ್ಗೆ ನಾನು ಬರೆದ ಲೇಖನಕ್ಕೆ ಜರ್ನಲ್‌ನವರ ಉತ್ತರ ಕೊನೆಗೂ ಇವತ್ತು ಬಂತು, ಒಂದೂವರೆ ವರ್ಷ ಕಾಯಿಸಿ. ಲೇಖನ ಪರಿಶೀಲಿಸಿದ ಮೊದಲನೇ ರಿವ್ಯೂವರ್ ಪ್ರಕಟಿಸಬಹುದು ಅಂದಿದ್ದಾರೆ. ಎರಡನೆಯವರಿಗೆ ಇನ್ನೊಂದು ಮಳೆಗಾಲದ ಕಪ್ಪೆ ಎಣಿಕೆ ಬೇಕಂತೆ. ಎಲ್ಲಿಂದ ತರಲಿ? ಹೋದ ತಿಂಗಳೇ ಕೆರೆಗೆ ಮಣ್ಣು ಸುರಿದು ಮುಚ್ಚಿಯಾಯಿತು. ಲೇಖನ ಅಚ್ಚಾದರೆ ಅದನ್ನು ತೋರಿಸಿ ಕೆರೆ ಮುಚ್ಚೋದನ್ನ ತಡೆಯಬಹುದು ಅಂತ ಕಾದಿದ್ದೆ.

ಸಂಪಾದಕರಿಗೆ ಫೋನ್ ಮಾಡಿದೆ. "ಕೆರೆಯೇ ಇಲ್ಲ ಸರ್."

"ಹಾಗಾದ್ರೆ ಹತ್ತಿರದ ಬೇರೆ ಕೆರೆ ನೋಡಿ ಮೇಡಂ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಊಟಕ್ಕೆ ಕೂತಾಗ ಅಕ್ಕ, "ಬಿಟ್ಟುಬಿಡೇ ಅತ್ಲಾಗೆ" ಅಂದಳು. ಬಿಡಲ್ಲ. ಶೀರ್ಷಿಕೆಯಲ್ಲಿ 'ಕೆರೆಯಲ್ಲಿರುವ ಕಪ್ಪೆಗಳು' ಅಂತಿದ್ದದ್ದನ್ನು 'ಕೆರೆಯಲ್ಲಿದ್ದ ಕಪ್ಪೆಗಳು' ಅಂತ ಮಾಡಿದೆ. ಆ ಒಂದು ಪದ ತಿದ್ದೋಕೆ ಇಡೀ ಸಂಜೆ ಹಿಡಿಯಿತು. ಇನ್ನು ಆ ಎರಡನೆಯವರಿಗೆ ಉತ್ತರ ಬರೀಬೇಕು, ಮರ್ಯಾದೆಯಿಂದ ಬೇರೆ. ಏನಂತ...