ಸೇಡಂನಲ್ಲಿ ಸಮುದ್ರವಿಲ್ಲ ಎಂದ ತಪ್ಪಿಗೆ

ಅಳಿವೆ ಅರಿವು ಅಭಿಯಾನದ ಮಾನ್ಯ ವಿಭಾಗಾಧಿಕಾರಿಗಳೇ,

ಸೇಡಂನಲ್ಲಿ ಸಮುದ್ರವಿಲ್ಲ ಎಂದು ಬರೆದದ್ದಕ್ಕಾಗಿ ನಮ್ಮೂರ ಪ್ರೌಢಶಾಲೆಯ ಸಮಾಜವಿಜ್ಞಾನ ಶಿಕ್ಷಕಿ ಭಾಗ್ಯಜ್ಯೋತಿಯವರಿಗೆ ತಮ್ಮ ಕಚೇರಿ ನೋಟಿಸು ಕೊಟ್ಟಿದೆ. 'ಕ್ಷೇತ್ರ ಅಧ್ಯಯನದಲ್ಲಿ ಸಮುದ್ರವನ್ನು ಗುರುತಿಸುವಲ್ಲಿ ತೀವ್ರ ನಿರ್ಲಕ್ಷ್ಯ' ಎಂಬುದು ಆರೋಪ. ಬರುವ ಸೋಮವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಅಮಾನತು ಎಂಬುದು ಎಚ್ಚರಿಕೆ. ಕಳ್ಳತನ ಮಾಡಿದವರಿಗೆ, ಶಾಲೆಗೇ ಬಾರದವರಿಗೆ ನೋಟಿಸು ಬಂದದ್ದನ್ನು ನಾನು ಕಂಡಿದ್ದೇನೆ. ಭೂಗೋಳವನ್ನು ಸರಿಯಾಗಿ ಹೇಳಿದವರಿಗೆ ಬಂದದ್ದನ್ನು ಕಾಣಲು ಎಪ್ಪತ್ತೊಂದು ವರ್ಷ ಬದುಕಬೇಕಾಯಿತು.

ರಾಜ್ಯದ ಎಲ್ಲ ಒಂಬತ್ತನೇ ತರಗತಿಯ ಮಕ್ಕಳು ಅಳಿವೆಯನ್ನು, ಅಂದರೆ ನದಿ ಸಮುದ್ರ ಸೇರುವ, ಸಿಹಿನೀರೂ ಉಪ್ಪುನೀರೂ ಬೆರೆಯುವ ಜಾಗವನ್ನು, ಕಣ್ಣಾರೆ ಕಾಣಬೇಕೆಂದು ತಾವು ಆದೇಶಿಸಿದಿರಿ. ಒಳ್ಳೆಯ ಆದೇಶ. ಅದರ ಕೆಳಗೇ ಇನ್ನೊಂದು ಸಾಲಿತ್ತು: ಭೇಟಿಯ ಸ್ಥಳ ಶಾಲೆಯಿಂದ ಐವತ್ತು ಕಿಲೋಮೀಟರ್ ಒಳಗಿರಬೇಕು, ಸಂಜೆ ಐದಕ್ಕೆ ಮಕ್ಕಳು ಮನೆಯಲ್ಲಿರಬೇಕು. ಈ ಎರಡು ಸಾಲುಗಳನ್ನು ಒಬ್ಬರೇ ಬರೆದರೋ, ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಬರೆದರೋ? ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸುತ್ತ ಐವತ್ತು ಕಿಲೋಮೀಟರ್ ತಿರುಗಿದರೆ ಸಿಗುವುದು ತೊಗರಿ ಹೊಲ, ಸಿಮೆಂಟ್ ಕಾರ್ಖಾನೆ, ಫರಸಿ ಕಲ್ಲಿನ ಖಣಿ ಮತ್ತು ತೆಲಂಗಾಣ. ನಮ್ಮ ಕಾಗಿಣಾ ನದಿಯ ನೀರೂ ಕೊನೆಗೆ ಸಮುದ್ರಕ್ಕೇ ಹೋಗುತ್ತದೆ, ನಿಜ. ಭೀಮೆಯನ್ನು ಸೇರಿ, ಕೃಷ್ಣೆಯನ್ನು ಸೇರಿ, ಆಂಧ್ರದ ಆ ತುದಿಯಲ್ಲಿ. ಹಾಗಾದರೆ ಅಲ್ಲಿಗೆ ಕರೆದೊಯ್ಯಬಹುದೇ ಎಂದು ಶಿಕ್ಷಕಿ ಫೋನಿನಲ್ಲಿ ಕೇಳಿದಾಗ ತಮ್ಮ ಕಚೇರಿ ಕೊಟ್ಟ ಉತ್ತರ: 'ಹೊರರಾಜ್ಯದ ಅಳಿವೆಗೆ ಮಾನ್ಯತೆ ಇಲ್ಲ.'

ಹೀಗಾಗಿ ಅವರು ಮಕ್ಕಳನ್ನು ಶಹಾಬಾದ್ ಕಡೆಗೆ, ಕಾಗಿಣಾ ಭೀಮೆಯನ್ನು ಕೂಡುವ ಸಂಗಮಕ್ಕೆ ಕರೆದೊಯ್ದರು. ನನ್ನ ಮೊಮ್ಮಗಳು ಪ್ರಮಿತಾ ಅದೇ ತರಗತಿ. ಪಾಲಕರ ಪ್ರತಿನಿಧಿಯಾಗಿ ನಾನೂ ಹೋಗಿದ್ದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕೇಳಿದ ಮಾತಲ್ಲ. ದಂಡೆಯಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ದೇವೀಂದ್ರಪ್ಪನೆಂಬ ಮೀನುಗಾರನ ಬಳಿ ಪ್ರಮಿತಾ ತಮ್ಮ ಕಚೇರಿ ಕಳಿಸಿದ್ದ ಪ್ರಶ್ನೆಗಳ ನಮೂನೆ ಹಿಡಿದು ಹೋದಳು.

"ಮುತ್ಯಾ, ಇಲ್ಲಿ ಉಬ್ಬರ ಎಷ್ಟಕ್ಕ ಬರ್ತದರಿ?"

"ಉಬ್ಬರ ಅಂದ್ರ ಏನವ್ವ?"

"ದಿನಕ್ಕ ಎರಡ ಸಲ ನೀರ ಏರ್ತದಲ್ರಿ, ಅದು."

"ಮ್ಯಾಲಿನವ್ರು ಡ್ಯಾಮಿನ ಬಾಗಲ ತೆಗದ್ರ ಏರ್ತದ. ಅವ್ರಿಗೇ ಫೋನ್ ಹಚ್ಚಿ ಕೇಳು, ನನಗ ಒಮ್ಮೆನೂ ಹೇಳಿ ಬಿಟ್ಟಿಲ್ಲ."

ನೀರಿನ ಉಪ್ಪನ್ನು ನಾಲಿಗೆಯಿಂದ ಪರೀಕ್ಷಿಸಬೇಕೆಂದು ನಮೂನೆಯಲ್ಲಿತ್ತು. ನಲವತ್ತೊಂದು ಮಕ್ಕಳು ಸಾಲಾಗಿ ಕುಳಿತು ಬೊಗಸೆ ನೀರು ನೆಕ್ಕುವುದನ್ನು ಆತ ಬಲೆ ಬದಿಗಿಟ್ಟು ನೋಡಿದ. "ಉಪ್ಪ ಬೇಕಾದ್ರ ಮನ್ಯಾಗಿಂದ ಕಟಗೊಂಡ ಬರಬೇಕಿತ್ರೆವ್ವ. ಹೊಳ್ಯಾಗ ಏನ್ ಹುಡಕಾಕತ್ತೀರಿ?" ಎಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸಾಹೇಬ್ರ, ಇವು ಶ್ಯಾಣ್ಯಾ ಸಾಲಿ ಹುಡುಗ್ರೇ ಹೌದಲ್ಲ?" ಎಂದು ಕೇಳಿದ. ಹೌದು ಎಂದೆ. ಆ ನಮೂನೆ ಮಾಡಿಸಿದ ತಮ್ಮ ಹೆಸರು ಹೇಳಲಿಲ್ಲ.

ಸಂಜೆ ಎಲ್ಲವನ್ನೂ ಮೊಬೈಲಿನಲ್ಲಿ ತುಂಬಬೇಕು. ಉಬ್ಬರದ ಸಮಯ, ಇಳಿತದ ಸಮಯ, ಕಂಡ ಏಡಿಗಳ ಸಂಖ್ಯೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸಂಖ್ಯೆ. ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ, ಸೊನ್ನೆ ಹಾಕಿದರೆ ಕೆಂಪು ಅಕ್ಷರದಲ್ಲಿ 'ಸರಿಯಾಗಿ ಎಣಿಸಿ' ಎಂದು ಬರುತ್ತದೆ. ಒಂದು ಗಂಟೆ ಹೆಣಗಿದ ಮೇಲೆ ಶಿಕ್ಷಕಿ ಷರಾ ಎಂಬ ಕಡೆ ಬರೆದರು: 'ಇಲ್ಲಿ ಸಮುದ್ರವಿಲ್ಲ.' ಇಡೀ ಅಭಿಯಾನದಲ್ಲಿ ತಮ್ಮ ಕಚೇರಿಗೆ ತಲುಪಿದ ಒಂದೇ ಒಂದು ನಿಜ ಅದಾಗಿರಬೇಕು. ಅದಕ್ಕೇ ಎದ್ದು ಕಂಡಿತು.

ಯಾಕೆಂದರೆ ತಮ್ಮಿಂದ 'ಅತ್ಯುತ್ತಮ ಅಳಿವೆ' ಪ್ರಶಸ್ತಿ ಪಡೆದ ಶಾಲೆಯ ಕಥೆಯೂ ನನಗೆ ಗೊತ್ತು. ಹೆಸರು ಬರೆಯುವುದಿಲ್ಲ, ಅಲ್ಲಿಯ ಮಾಸ್ತರರೂ ಮಕ್ಕಳೊಂದಿಗರೇ. ನಮ್ಮನ್ನು ಸಂಗಮಕ್ಕೆ ಒಯ್ದ ಕ್ರೂಸರ್‌ಗಳಲ್ಲಿ ನಾನು ಕುಳಿತಿದ್ದ ಗಾಡಿಯ ಚಾಲಕ, ಅಕ್ರಮ್ ಎಂಬವನು, ದಾರಿಯಲ್ಲೇ ಹೇಳಿದ: "ಕಾಕಾ, ವಾಡಿ ಕಡೆ ಒಂದು ಹಾಳು ಬಿದ್ದ ಖಣಿ ಅದ. ಅದರಾಗ ನಾನೇ ಹನ್ನೆರಡ ಚೀಲ ಉಪ್ಪು ಸುರುವಿ ಬಂದೀನಿ. ಜಾಲಿ ಟೊಂಗಿ ಕಡದು ಕೆಸರಾಗ ನೆಟ್ಟಾರ. ಮೋಟರ್ ಹಚ್ಚಿದ್ರ ಉಬ್ಬರ, ಬಂದ್ ಮಾಡಿದ್ರ ಇಳಿತ."

"ಕರೆಂಟು ಹೋದರೆ?" ಎಂದೆ.

"ಅವತ್ತ ಸಮುದ್ರಕ್ಕ ಸೂಟಿ."

ತಮ್ಮ ಪರಿವೀಕ್ಷಕರು ಆ ಖಣಿಗೆ ಬಂದರು, ತ್ರಿಫೇಸ್ ಕರೆಂಟು ಬರುವ ತನಕ ಚಹಾ ಕುಡಿಯುತ್ತ ಕಾದರು, ಉಬ್ಬರ ಕಂಡರು. ಹಳ್ಳದಿಂದ ಹಿಡಿದು ತಂದಿದ್ದ ಏಡಿಗಳು ಅಷ್ಟರಲ್ಲಿ ಉಪ್ಪು ತಾಳದೆ ಸತ್ತು ತೇಲುತ್ತಿದ್ದವು. ವರದಿಯಲ್ಲಿ 'ಏಡಿಗಳು ವಿಶ್ರಾಂತ ಸ್ಥಿತಿಯಲ್ಲಿವೆ' ಎಂದು ಬರೆದು ಸಹಿ ಹಾಕಿದರು. ಸಮುದ್ರವನ್ನು ನಿರ್ಮಿಸಿದವರಿಗೆ ಶಾಲು, ಇಲ್ಲ ಎಂದವರಿಗೆ ನೋಟಿಸು. ಮಕ್ಕಳು ಇದರಿಂದ ಯಾವ ಪಾಠ ಕಲಿಯಬೇಕೆಂದು ತಮ್ಮ ಆದೇಶದಲ್ಲಿ ಎಲ್ಲೂ ಇಲ್ಲ. ಆದರೆ ಕಲಿತಿದ್ದಾರೆ.

ಭಾಗ್ಯಜ್ಯೋತಿಯವರು ಕೈಕಟ್ಟಿ ಕೂತವರಲ್ಲ. ಮರುದಿನ ತರಗತಿಯ ನೆಲದ ಮೇಲೆಯೇ ಮಕ್ಕಳನ್ನು ಕೂಡಿಸಿ, ಅಲ್ಲಿ ಹಾಸಿದ ಫರಸಿ ಕಲ್ಲಿನಲ್ಲಿ ಅಲೆಅಲೆಯಾಗಿ ಮೂಡಿರುವ ಗೆರೆಗಳನ್ನು ಬೆರಳಿನಿಂದ ತಡವಿಸಿದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಸೀಮೆಯ ಮೇಲೆ ಆಳವಿಲ್ಲದ ಸಮುದ್ರವಿತ್ತು, ಅದರ ತಳದ ಕೆಸರೇ ಈ ಕಲ್ಲು, ಅಲೆ ಹೋದರೂ ಗುರುತು ಹೋಗಿಲ್ಲ ಎಂದು ವಿವರಿಸಿದರು. ಫರಸಿಯ ಆ ಅಲೆಗಳು ಅಂಗಾಲಿಗೆ ತಾಗಲೆಂದು ನನ್ನ ಮೊಮ್ಮಗಳು ಆ ವಾರವೆಲ್ಲ ಮನೆಯಂಗಳದಲ್ಲೂ ಚಪ್ಪಲಿ ಮೆಟ್ಟಲಿಲ್ಲ. ಶಿಕ್ಷಕಿ ಈ ಪಾಠದ ಫೋಟೋಗಳನ್ನು ತಮಗೆ ಕಳಿಸಿದರು. ಬಂದ ಉತ್ತರವನ್ನು ಅಕ್ಷರ ಬಿಡದೆ ಕೊಡುತ್ತೇನೆ: 'ಸಮುದ್ರವು ಪ್ರಸ್ತುತ ಚಾಲ್ತಿಯಲ್ಲಿರತಕ್ಕದ್ದು. ಹಿಂದಿನ ಅವಧಿಯ ಸಮುದ್ರಗಳನ್ನು ಪರಿಗಣಿಸಲಾಗದು.'

ನನಗೆ ಇದು ಹೊಸದಲ್ಲ. ಮೂವತ್ತೆರಡು ವರ್ಷ ಗ್ರಂಥಾಲಯದಲ್ಲಿ ದುಡಿದವನು. ೧೯೮೮ರಲ್ಲಿ ಹಡಗಿನ ಹಾಯಿ ಹೊಲಿಯುವ ವಿಧಾನದ ಮೇಲೆ ಒಂದೇ ಪುಸ್ತಕದ ಇನ್ನೂರು ಪ್ರತಿಗಳು ಬಂದವು. ಆ ವರ್ಷ ಜೋಳದ ಬೆಳೆಯ ಮೇಲೆ ಒಂದೂ ಬರಲಿಲ್ಲ. ಮರಳಿ ಕಳಿಸುತ್ತೇನೆಂದು ಬರೆದೆ. 'ಓದುಗರಲ್ಲಿ ಹಾಯಿಯ ಬಗ್ಗೆ ಅಭಿರುಚಿ ಮೂಡಿಸಿ' ಎಂದು ಉತ್ತರ ಬಂತು. ನಾನು ಸುಮ್ಮನಾದೆ, ಪ್ರತಿ ತಿಂಗಳು ಹದಿನೈದು ಜನ ಆ ಪುಸ್ತಕ ಓದಿದರೆಂದು ತಖ್ತೆಯಲ್ಲಿ ತುಂಬಿದೆ, ಮೇಲಿನವರಿಂದ ಮೆಚ್ಚುಗೆಯನ್ನೂ ಪಡೆದೆ. ಆ ಮೆಚ್ಚುಗೆಯ ನಾಚಿಕೆ ನನಗೆ ಇನ್ನೂ ಇದೆ. ಇಂದು ಸುಮ್ಮನಿರದಿರಲು ಅದೂ ಒಂದು ಕಾರಣ.

ತಮ್ಮ ಕಚೇರಿಯವರು ದಯಾಳುಗಳೂ ಹೌದು. ತಪ್ಪೊಪ್ಪಿಗೆಯನ್ನು ತಾವೇ ಟೈಪು ಮಾಡಿಸಿ ಕಳಿಸಿದ್ದಾರೆ: 'ಮರುಪರಿಶೀಲನೆಯಲ್ಲಿ ಸಮುದ್ರ ಕಂಡುಬಂದಿದೆ' ಎಂದು. ಸಹಿಯಷ್ಟೇ ಬಾಕಿ. ನಿನ್ನೆ ಅವರ ಮನೆಗೆ ಹೋಗಿದ್ದೆ. ಹಾಳೆ ಮೇಜಿನ ಮೇಲೆ ಬಿದ್ದಿತ್ತು.

"ಸಹಿ ಮಾಡಿಬಿಡ್ರಿ ಅಂತ ಎಲ್ಲಾರೂ ಹೇಳಾಕತ್ತಾರ ಸರ್," ಎಂದರು. "ಮಾಡಿದ್ರ ನೌಕರಿ ಉಳೀತದ. ಆದ್ರ ಆ ನಲವತ್ತೊಂದು ಹುಡುಗ್ರು ನೀರು ನೆಕ್ಕಿ ನೋಡ್ಯಾರಲ್ರಿ. ಅವ್ರಿಗೆ ಏನಂತ ಹೇಳ್ಲಿ?"

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದ್ದರೆ ತಿಳಿಸಬೇಕು.

ಮಕ್ಕಳಿಗೆ ಅಳಿವೆ ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಕಲಿಸಲೇಬೇಕು. ಕುಮಟಾದ ಕಡೆ ಒಮ್ಮೆ ಉಬ್ಬರದ ನೀರು ಹೊಳೆಯನ್ನು ಹಿಂದಕ್ಕೆ ತಳ್ಳುವುದನ್ನು ನಿಂತು ನೋಡಿದವನು ನಾನು. ನದಿ ಹಿಂದಕ್ಕೆ ಹರಿಯುವುದನ್ನು ಕಂಡ ಮಗು ಅದನ್ನು ಸಾಯುವ ತನಕ ಮರೆಯದು. ಆ ಐವತ್ತು ಕಿಲೋಮೀಟರಿನ ಸಾಲನ್ನು ಹೊಡೆದುಹಾಕಿ, ಎರಡು ದಿನ ಕೊಡಿ, ಒಂದು ಬಸ್ಸು ಕೊಡಿ. ಆದರೆ ಅದು ಆಮೇಲಿನ ಮಾತು. ಮೊದಲು ಆ ನೋಟಿಸನ್ನು ಬೇಷರತ್ತಾಗಿ ಹಿಂಪಡೆಯಿರಿ.

ಹಿಂಪಡೆಯುವುದಿಲ್ಲ ಎಂದಾದರೆ ಇನ್ನೊಂದು ಉಪಕಾರವಾಗಬೇಕು. ಸೋಮವಾರ ಹತ್ತೂವರೆಗೆ ಅವರು ಒಂಬತ್ತನೇ ತರಗತಿಯ ಕರಿಹಲಗೆಯ ಮೇಲೆ ಕರ್ನಾಟಕದ ನಕಾಶೆ ಬರೆಯಬೇಕಿದೆ. ಸಮುದ್ರವನ್ನು ಯಾವ ಕಡೆಗೆ ಹಾಕಬೇಕೆಂದು ಅಷ್ಟರೊಳಗೆ, ಮೊಹರು ಒತ್ತಿ, ಲಿಖಿತವಾಗಿ ತಿಳಿಸಿ.

ಇಂತಿ,
ಎಪ್ಪತ್ತೊಂದು ವರ್ಷ ಸೇಡಂನಲ್ಲೇ ಇದ್ದೂ ಒಮ್ಮೆಯೂ ಅಲ್ಲಿಯ ಸಮುದ್ರದಲ್ಲಿ ಕಾಲು ತೋಯಿಸಿಕೊಳ್ಳಲಾಗದ,
ಧೀರೇಂದ್ರ
ನಿವೃತ್ತ ಗ್ರಂಥಪಾಲಕ, ಸೇಡಂ